ವೈಯಾವೃತ್ಯ ಭಾವನೆ ಮತ್ತು ಮನೆಯ ಹಿರಿಯರ ಅಂತ್ಯಕಾಲ

ಷೋಡಶಕಾರಣ ವ್ರತವನ್ನು ಆಚರಿಸುವ ಶ್ರಾವಕ ಶ್ರಾವಿಕೆಯರು ಭಾದ್ರಪದ ಮಾಸದಲ್ಲಿ ಹದಿನಾರು ಭಾವನೆಗಳನ್ನು ಒಂದೊಂದಾಗಿ ಸ್ಮರಿಸಿ ಅರ್ಘ್ಯವನ್ನು ಅರ್ಪಿಸುತ್ತಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವ ಕ್ರಮದಂತೆ ಇವುಗಳಲ್ಲಿ ಎಂಟನೆಯದು ಸಾಧುಸಮಾಧಿ, ಒಂಬತ್ತನೆಯದು ವೈಯಾವೃತ್ಯಕರಣ. ಇವೆರಡೂ ಅಕ್ಕಪಕ್ಕದಲ್ಲಿ ಬಂದಿರುವುದನ್ನು ವ್ರತಿಗಳು ಗಮನಿಸಬೇಕು. ಸಮಾಧಿಯು ಒಬ್ಬನು ಪಡೆಯತಕ್ಕ ಚಿತ್ತಶಾಂತಿ. ವೈಯಾವೃತ್ಯವು ಅದಕ್ಕಾಗಿ ಮತ್ತೊಬ್ಬನು ಮಾಡತಕ್ಕ ಸೇವೆ. ಪೂಜೆಯ ಪುಸ್ತಕದಲ್ಲಿ ಈ ಎರಡು ಭಾವನೆಗಳ ನಡುವೆ ಇರುವ ಅಂತರ ಒಂದು ಅರ್ಘ್ಯದಷ್ಟು ಮಾತ್ರ. ಮನೆಗಳಲ್ಲಿ ಆ ಅಂತರವು ಬಹಳ ಬೆಳೆದಿದೆ. ಸಮಾಧಿಮರಣದ ಮಹಿಮೆಯನ್ನು ಕೇಳಲು ಸಭಾಮಂಟಪ ತುಂಬುತ್ತದೆ. ಮನೆಯ ಮುದುಕರ ಹಾಸಿಗೆಯ ಬಳಿ ರಾತ್ರಿ ಕುಳಿತುಕೊಳ್ಳಲು ಜನ ಸಿಕ್ಕುವುದಿಲ್ಲ.

ವೈಯಾವೃತ್ಯವೆಂದರೇನು? ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ವಿಧದ ಅಂತರಂಗ ತಪಸ್ಸುಗಳನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಯಶ್ಚಿತ್ತ, ವಿನಯಗಳ ಅನಂತರ ಮೂರನೆಯದಾಗಿ ಇದನ್ನು ಇಟ್ಟಿದ್ದಾರೆ. ಸ್ವಾಧ್ಯಾಯ ಮತ್ತು ಧ್ಯಾನಗಳು ಇದರ ಅನಂತರ ಬರುತ್ತವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿ ವೃತ್ತಿಯಲ್ಲಿ, ದೇಹದ ಚೇಷ್ಟೆಯಿಂದಾಗಲಿ ಬೇರೆ ದ್ರವ್ಯದಿಂದಾಗಲಿ ಮಾಡುವ ಉಪಾಸನೆಯೇ ವೈಯಾವೃತ್ಯವೆಂದು ಅರ್ಥಮಾಡಿದ್ದಾರೆ. ಕೈಯಿಂದ ಮಾಡುವ ಸೇವೆ ಒಂದು, ಹಣ ಔಷಧಿಗಳಿಂದ ಮಾಡುವ ಸೇವೆ ಇನ್ನೊಂದು. ದೂರದ ನಗರದಲ್ಲಿರುವ ಮಗನು ತಿಂಗಳಿಗೊಮ್ಮೆ ಹಣ ಕಳುಹಿಸುವುದೂ ಈ ಅರ್ಥದಲ್ಲಿ ವೈಯಾವೃತ್ಯವೇ ಆಗಿದೆ, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಹಣವು ರೋಗಿಯನ್ನು ಮಗ್ಗುಲಿಗೆ ಹೊರಳಿಸಲಾರದು. ವೃತ್ತಿಕಾರರು ದೇಹದ ಚೇಷ್ಟೆಯನ್ನು ಮೊದಲು ಹೇಳಿರುವುದು ಅಕಾರಣವಾಗಿರಲಿಕ್ಕಿಲ್ಲ. ಇದರ ಫಲಗಳನ್ನು ಹೇಳುವಾಗಲೂ ಅವರು ಸಮಾಧಿಯನ್ನುಂಟುಮಾಡುವುದು, ಜುಗುಪ್ಸೆ ಇಲ್ಲದಿರುವುದು, ಪ್ರವಚನ ವಾತ್ಸಲ್ಯ ಇವುಗಳನ್ನು ಎಣಿಸಿದ್ದಾರೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಸೂತ್ರದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದವರು ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷ, ಗ್ಲಾನ, ಗಣ, ಕುಲ, ಸಂಘ, ಸಾಧು, ಮನೋಜ್ಞ ಎಂದು ಹತ್ತು ಮಂದಿ. ಇವರು ಮುನಿಸಂಘಕ್ಕೆ ಸೇರಿದವರು. ಮನೆಯಲ್ಲಿ ಮಲಗಿರುವ ಅಜ್ಜಿಯು ಮಹಾವ್ರತಿಯಲ್ಲ. ಆಕೆಗೆ ಮಾಡುವ ಸೇವೆ ಕೇವಲ ಮೋಹದ ಕಾರ್ಯವಾಗುವುದಿಲ್ಲವೇ?

ಇದಕ್ಕೆ ಸಮಾಧಾನ ಶಾಸ್ತ್ರದಲ್ಲಿಯೇ ಇದೆ. ಅಕಲಂಕದೇವರು ರಾಜವಾರ್ತಿಕದಲ್ಲಿ ಮನೋಜ್ಞ ಶಬ್ದವನ್ನು ವಿವರಿಸುವಾಗ ಅಸಂಯತ ಸಮ್ಯಗ್ದೃಷ್ಟಿಯನ್ನೂ ಅದರೊಳಗೆ ಸೇರಿಸಿಕೊಂಡಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂದೇ ಹೆಸರಿಟ್ಟಿದ್ದಾರೆ. ಉಮಾಸ್ವಾಮಿಗಳು ಅತಿಥಿಸಂವಿಭಾಗವೆಂದು ಹೇಳಿದ ಸ್ಥಾನ ಅದು. ಸಂಯಮಿಗಳಿಗೆ ದಾನ ಕೊಡುವುದರ ಜೊತೆಗೆ ಅವರ ಕಷ್ಟ ಪರಿಹಾರ, ಕಾಲೊತ್ತುವುದು ಮುಂತಾದವನ್ನೂ ಅವರು ಆ ವ್ರತದಲ್ಲಿ ಅಡಕಮಾಡಿದ್ದಾರೆ. ಯಾವ ಗೃಹಸ್ಥನಿಗೆ ಮನೆಯಲ್ಲಿ ತಾಯಿಯ ಕಾಲೊತ್ತಿ ಅಭ್ಯಾಸವಿಲ್ಲವೋ ಆತನಿಗೆ ವಿಹಾರದಲ್ಲಿ ಬಂದ ಮುನಿಗಳ ವೈಯಾವೃತ್ಯವು ಕೈಗೆ ಬರುವುದೆಂದು ನಂಬುವುದು ಕಷ್ಟ. ಇನ್ನು ನಿರ್ವಿಚಿಕಿತ್ಸೆಯಂತೂ ಸಮ್ಯಗ್ದರ್ಶನದ ಅಂಗ. ಅದರಿಂದ ಯಾವ ಶ್ರಾವಕನಿಗೂ ವಿನಾಯಿತಿ ಇಲ್ಲ. ಉದ್ದಾಯನ ಮಹಾರಾಜನ ಕಥೆಯನ್ನು ಮಕ್ಕಳೂ ಬಲ್ಲರು. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಆಹಾರವನ್ನೆಲ್ಲ ಸ್ವೀಕರಿಸಿ ವಾಂತಿಮಾಡಿದನು. ದುರ್ಗಂಧವನ್ನು ತಾಳಲಾರದೆ ಪರಿವಾರದವರು ಓಡಿದರು. ರಾಜನೂ ರಾಣಿಯೂ ನಿಂತರು. ತಾನು ಕೊಟ್ಟ ಆಹಾರವೇ ಒಗ್ಗಲಿಲ್ಲವೇನೋ ಎಂದು ರಾಜನು ತನ್ನನ್ನೇ ನಿಂದಿಸಿಕೊಂಡು ಮುನಿಯ ಮೈಯನ್ನು ತೊಳೆದನು. ಓಡಿಹೋದವರಿಗೆ ಸಂಬಳವಿತ್ತೆಂಬುದನ್ನೂ, ನಿಂತವರು ಇಬ್ಬರಾಗಿದ್ದರೆಂಬುದನ್ನೂ ಇಲ್ಲಿ ಮರೆಯಬಾರದು.

ಈ ಇಬ್ಬರು ಎಂಬ ಮಾತು ಭಗವತೀ ಆರಾಧನೆಯಲ್ಲಿ ಸ್ಪಷ್ಟವಾದ ವಿಧಿಯಾಗಿಯೇ ಬಂದಿದೆ. ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಈ ಗ್ರಂಥದ ಪರಂಪರೆಯಿಂದಲೇ ಕನ್ನಡದ ವಡ್ಡಾರಾಧನೆಯ 19 ಕಥೆಗಳು ಬಂದಿವೆ. ಸಮಾಧಿಗೆ ತೊಡಗಿದ ಕ್ಷಪಕನನ್ನು ದಡ ಮುಟ್ಟಿಸುವ ಸೇವಕ ಮುನಿಗಳಿಗೆ ನಿರ್ಯಾಪಕರೆಂದು ಹೆಸರು. ಇವರ ಸಂಖ್ಯೆ 48. ನಾಲ್ಕು ನಾಲ್ಕು ಮಂದಿಯಂತೆ ಇವರಿಗೆ ಕೆಲಸಗಳನ್ನು ಹಂಚಿರುವ ರೀತಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮೈಯನ್ನು ಹಿಡಿದು ಎಬ್ಬಿಸಿ ಮಲಗಿಸುವವರು ಬೇರೆ, ಧರ್ಮಕಥೆಯನ್ನು ಹೇಳುವವರು ಬೇರೆ. ಆಹಾರ ಪಾನಗಳ ವ್ಯವಸ್ಥೆಯವರು ಬೇರೆ, ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುದ್ಧಮಾಡುವವರು ಬೇರೆ. ರಾತ್ರಿ ಎಚ್ಚರವಿರುವವರು ಉಂಟು, ಬಾಗಿಲನ್ನು ಕಾಯುವವರೂ ಉಂಟು. ಇಷ್ಟು ಜನ ದೊರೆಯದ ಕಾಲದಲ್ಲಿ ನಾಲ್ಕು ನಾಲ್ಕಾಗಿ ಕಡಿಮೆಮಾಡುತ್ತ ಬರಬಹುದು. ಕಟ್ಟಕಡೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನೇ ನಿರ್ಯಾಪಕನಿಗೆ ಶಾಸ್ತ್ರದ ಒಪ್ಪಿಗೆ ಇಲ್ಲ. ಏಕೆಂದರೆ ಒಬ್ಬನೇ ಇದ್ದರೆ ಆತನು ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ; ಹೋಗದಿದ್ದರೆ ಆತನೇ ಕೆಡುತ್ತಾನೆ. ಸಂಸಾರವನ್ನು ಬಿಟ್ಟ ಮುನಿಗಳಿಗೂ ಒಬ್ಬನೇ ಸಾಕಾಗುವುದಿಲ್ಲವೆಂದ ಮೇಲೆ, ಅಡುಗೆ, ದನಕರು, ಮಕ್ಕಳ ಶಾಲೆ ಎಲ್ಲವನ್ನೂ ಹೊತ್ತ ಒಬ್ಬ ಸೊಸೆಗೆ ಇದು ಹೇಗೆ ಸಾಧ್ಯವಾದೀತು?

ಒಂದು ಮನೆಯ ಪ್ರಸಂಗವನ್ನು ಹೆಸರು ಹೇಳದೆ ಇಲ್ಲಿ ಉದಾಹರಿಸಬಹುದು. ಇಂತಹ ಮನೆಗಳು ಬೆಳಗಾವಿಯ ಕಡೆಯ ಯಾವ ಊರಿನಲ್ಲಿಯೂ ಇವೆ. ಹಿರಿಯ ಮಗ ಊರಿನಲ್ಲಿ ಬೇಸಾಯ ನೋಡುತ್ತಾನೆ, ಕಿರಿಯನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಮಗಳನ್ನು ಸಾಂಗಲಿಗೆ ಕೊಟ್ಟಿದೆ. ತಾಯಿಗೆ 81 ವರ್ಷ. ಅಷ್ಟಮಿ ಚತುರ್ದಶಿಗಳನ್ನು ಜೀವಮಾನವಿಡೀ ಬಿಡದೆ ಮಾಡಿದ ಶ್ರಾವಿಕೆ. ಪಾರ್ಶ್ವವಾಯು ಬಡಿದು ಬಲಗಡೆಯ ಕೈಕಾಲು ಬಿದ್ದುಹೋಗಿ ಹದಿನಾಲ್ಕು ತಿಂಗಳು ಹಾಸಿಗೆಯಲ್ಲಿದ್ದಳು. ಎಲ್ಲ ಸೇವೆಯೂ ಹಿರಿಯ ಸೊಸೆಯ ಪಾಲಿಗೆ ಬಂದಿತು. ಆಕೆಗೂ 56 ವರ್ಷ, ಮೊಣಕಾಲಿನ ನೋವು. ಹಗಲು ಹೇಗೋ ನಡೆಯುತ್ತಿತ್ತು. ರಾತ್ರಿ ಒಬ್ಬಳೇ ಅತ್ತೆಯನ್ನು ಹೊರಳಿಸಲಾರದೆ ಹೋದಳು. ಬೆನ್ನಿನ ಕೆಳಗೆ ಹುಣ್ಣಾಯಿತು. ದಶಲಕ್ಷಣ ಪರ್ವದ ಒಂದು ದಿನ ಮುದುಕಿಯು, “ನನ್ನ ದವಾಖಾನಿಗೆ ಒಯ್ಯಬ್ಯಾಡ್ರಿ. ಬಸ್ತಿ ಗಂಟಿ ಕೇಳೂ ಕಡೆ ಹಾಸಿಗಿ ಹಾಕ್ರಿ” ಎಂದು ಹೇಳಿದ್ದಳು. ಸೊಸೆ ಕೇಳಿಸಿಕೊಂಡಳು, ಗಂಡುಮಕ್ಕಳ ಮುಂದೆ ಆ ಮಾತು ಬರಲೇ ಇಲ್ಲ.

ಮಾಘದ ಚಳಿಯಲ್ಲಿ ನ್ಯುಮೋನಿಯಾ ಆಯಿತು. ಉಸಿರಾಟ ಕಷ್ಟವಾದಾಗ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಹನ್ನೊಂದು ದಿನ ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಮನೆಯವರಿಗೆ ದಿನಕ್ಕೆ ಎರಡು ಸಲ ಕೆಲವು ನಿಮಿಷದ ದರ್ಶನ. ಮೂಗಿನ ನಳಿಕೆಯನ್ನು ಎಡಗೈಯಿಂದ ಕಿತ್ತುಕೊಂಡಳೆಂದು ಆ ಕೈಯನ್ನೂ ಮಂಚಕ್ಕೆ ಕಟ್ಟಿದರು. ಹನ್ನೆರಡನೆಯ ದಿನ ನಸುಕಿನ ನಾಲ್ಕು ಗಂಟೆಗೆ ಪ್ರಾಣ ಹೋಯಿತು. ಮಗ, ಸೊಸೆ, ಮಗಳು ಎಲ್ಲರೂ ಅದೇ ಕಟ್ಟಡದ ಕೆಳಗಿನ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಣಮೋಕಾರವನ್ನು ಕಿವಿಯಲ್ಲಿ ಹೇಳುವವರು ಯಾರೂ ಇರಲಿಲ್ಲ.

ಈ ಪ್ರಸಂಗದಲ್ಲಿ ತಪ್ಪು ಎಲ್ಲಿದೆಯೆಂಬುದನ್ನು ಆತುರವಿಲ್ಲದೆ ನೋಡಬೇಕು. ಆಸ್ಪತ್ರೆಗೆ ಒಯ್ದದ್ದೇ ತಪ್ಪೆಂದು ಹೇಳುವುದು ಸರಿಯಲ್ಲ. ಪೂಜ್ಯಪಾದರು ಸಲ್ಲೇಖನೆಯ ಸೂತ್ರಕ್ಕೆ ವೃತ್ತಿ ಬರೆಯುವಾಗ ಒಬ್ಬ ವರ್ತಕನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಆತನ ಉಗ್ರಾಣಕ್ಕೆ ಅಪಾಯ ಬಂದಾಗ ಮೊದಲು ಯಥಾಶಕ್ತಿ ಅಪಾಯವನ್ನೇ ನಿವಾರಿಸಲು ಯತ್ನಿಸುತ್ತಾನೆ. ಕಟ್ಟಡ ಉಳಿಯುವುದಿಲ್ಲವೆಂದು ನಿಶ್ಚಯವಾದ ಮೇಲೆ ಒಳಗಿನ ಸರಕು ನಾಶವಾಗದಂತೆ ನೋಡಿಕೊಳ್ಳುತ್ತಾನೆ. ದೇಹವು ಕಟ್ಟಡ, ವ್ರತಶೀಲಗಳು ಸರಕು. ನ್ಯುಮೋನಿಯಾ ಗುಣವಾಗಬಲ್ಲ ರೋಗ. ಬೆಂಕಿಗೆ ನೀರು ಹಾಕದೆ ಸರಕನ್ನು ಮಾತ್ರ ಹೊತ್ತುಕೊಂಡು ಓಡುವ ವರ್ತಕನು ಬುದ್ಧಿವಂತನಲ್ಲ. ಸಮಂತಭದ್ರರು ಸಲ್ಲೇಖನೆಗೆ ಹೇಳಿದ ನಾಲ್ಕು ಸಂದರ್ಭಗಳಾದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವೆಲ್ಲಕ್ಕೂ ಪ್ರತೀಕಾರವಿಲ್ಲದಿರುವುದು ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಐದನೆಯ ದಿನ ವೈದ್ಯರು, ಶ್ವಾಸಕೋಶದ ಜೊತೆಗೆ ಮೂತ್ರಪಿಂಡವೂ ಸೋತಿದೆ, ಇನ್ನು ಆಶೆ ಕಡಿಮೆ ಎಂದು ಹೇಳಿದ್ದರು. ಕಟ್ಟಡ ಉಳಿಯುವುದಿಲ್ಲವೆಂದು ಗೊತ್ತಾದ ಗಳಿಗೆ ಅದು. ಆಗ ಹಿರಿಯ ಮಗನು “ಏನಾರ ಮಾಡ್ರಿ ಡಾಕ್ಟರೇ” ಎಂದನು. ಬೆಂಗಳೂರಿನ ಮಗನು ಹಣದ ಚಿಂತೆ ಬೇಡವೆಂದನು. ಮನೆಗೆ ಕರೆದೊಯ್ಯಬಹುದೇ, ಒಯ್ದರೆ ಉಸಿರಿನ ಕಷ್ಟಕ್ಕೆ ಏನು ಔಷಧಿ, ಇದೇ ಆಸ್ಪತ್ರೆಯಲ್ಲಿ ಮನೆಯವರು ಬಳಿಯಲ್ಲಿರುವ ಕೋಣೆ ಸಿಕ್ಕೀತೇ ಎಂದು ಯಾರೂ ಕೇಳಲಿಲ್ಲ. ಊರಿನ ಜನ ಏನೆಂದಾರೋ ಎಂಬ ಅಂಜಿಕೆಯೂ ಒಳಗೆ ಇತ್ತು.

ಹಾಗೆಂದು ಮನೆಯೇ ಪುಣ್ಯಸ್ಥಳ, ಆಸ್ಪತ್ರೆ ಪಾಪಸ್ಥಳ ಎಂದು ಭಾವಿಸಬಾರದು. ಬೆನ್ನಿನ ಹುಣ್ಣು ಆದದ್ದು ಮನೆಯಲ್ಲಿಯೇ. ಭಗವತೀ ಆರಾಧನೆಯಲ್ಲಿ ಕ್ಷಪಕನ ವಸತಿಯ ವಿಚಾರವೂ ಇದೆ. ಸಂಗೀತ ನೃತ್ಯಗಳ ಶಾಲೆ, ಆನೆ ಕುದುರೆಗಳ ಲಾಯ, ಗಾಣ ಇಂತಹ ಸದ್ದಿನ ನೆರೆಯಲ್ಲಿ ವಸತಿ ಕೂಡದು. ಗೋಡೆ ಬಾಗಿಲುಗಳು ಭದ್ರವಾಗಿರಬೇಕು. ಬಾಲವೃದ್ಧರಾದಿಯಾಗಿ ಸಂಘದವರು ಒಳಗೆ ಬಂದುಹೋಗುವಂತಿರಬೇಕು. ಹಾಸಿಗೆಯು ನೆಲವಾಗಲಿ, ಕಲ್ಲುಹಾಸಾಗಲಿ, ಹಲಗೆಯಾಗಲಿ, ಹುಲ್ಲಾಗಲಿ ಆಗಬಹುದು. ಗೋಡೆಗಳು ಯಾರ ಮನೆಯವು ಎಂಬುದಕ್ಕಿಂತ ಅವುಗಳ ಒಳಗೆ ಶಾಂತಿ ಇದೆಯೇ, ಬೇಕಾದವರು ಬರಬಹುದೇ ಎಂಬುದೇ ಮುಖ್ಯ. ಅಂದು ಗಾಣದ ಸದ್ದು, ಇಂದು ಹಗಲೂ ರಾತ್ರಿ ಕೂಗುವ ಯಂತ್ರದ ಸದ್ದು. ಹಳ್ಳಿಯ ಮನೆಗಳಲ್ಲಿ ಪಕ್ಕದ ಕೋಣೆಯ ದೂರದರ್ಶನದ ಸದ್ದನ್ನೂ ಇದಕ್ಕೆ ಸೇರಿಸಬಹುದು.

ನಮ್ಮ ನಾಡಿನ ಇತಿಹಾಸದಲ್ಲಿಯೂ ಅಂತ್ಯಕಾಲದ ಸ್ಥಳವನ್ನು ನಿರ್ಧರಿಸಿದ್ದು ಬಳಿಯಲ್ಲಿ ಯಾರಿದ್ದಾರೆಂಬ ವಿಚಾರವೇ. ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ 974ರ ಸುಮಾರಿನಲ್ಲಿ ತನ್ನ ರಾಜಧಾನಿಗೆ ಹೋಗದೆ ಬಂಕಾಪುರಕ್ಕೆ ಬಂದುದು ಅಲ್ಲಿ ಅಜಿತಸೇನ ಭಟ್ಟಾರಕರು ಇದ್ದುದರಿಂದ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳನ್ನು ಕಳೆದುಕೊಂಡ ತಾಯಿ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಮಾಧಿಯನ್ನು ಪಡೆದಳು. ಅಲ್ಲಿಯ ಶಾಸನವು ಆಕೆಯ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರನ್ನೂ ಹೆಸರಿಸುತ್ತದೆ. ಕಳ್ಬಪ್ಪುವಿನ ಬೆಟ್ಟದಲ್ಲಿ ಭದ್ರಬಾಹು ಭಟಾರರ ಕೊನೆಯ ದಿನಗಳಲ್ಲಿ ಚಂದ್ರಗುಪ್ತ ಮುನಿಯು ಜೊತೆಗಿದ್ದು ಸೇವೆಮಾಡಿದ ವೃತ್ತಾಂತವು ವಡ್ಡಾರಾಧನೆಯಲ್ಲಿ ಬಂದಿದೆ. ಸಮೀಪದ ಕಾಲಕ್ಕೆ ಬಂದರೆ ಆಚಾರ್ಯ ಶಾಂತಿಸಾಗರ ಮಹಾರಾಜರು ಕಣ್ಣಿನ ದೃಷ್ಟಿ ಕುಂದಿ ಸಂಯಮ ಪಾಲನೆಗೆ ಅಡ್ಡಿಯಾದಾಗ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಸಂಘವು ಕೊನೆಯವರೆಗೂ ಅವರ ಸುತ್ತ ಇತ್ತು.

ಭಕ್ತಪ್ರತ್ಯಾಖ್ಯಾನ, ಇಂಗಿನೀ, ಪ್ರಾಯೋಪಗಮನ ಎಂದು ಸಮಾಧಿಮರಣವು ಮೂರು ಬಗೆ. ಇಂಗಿನಿಯಲ್ಲಿ ಪರರ ಸೇವೆ ಇಲ್ಲ, ಪ್ರಾಯೋಪಗಮನದಲ್ಲಿ ಸ್ವಸೇವೆಯೂ ಇಲ್ಲ. ಇವು ಉತ್ತಮ ಸಂಹನನದವರಿಗೆ ಸಲ್ಲತಕ್ಕವು. ಈ ಪಂಚಮಕಾಲದವರಿಗೆ ಉಳಿದದ್ದು ಭಕ್ತಪ್ರತ್ಯಾಖ್ಯಾನ ಒಂದೇ. ತಾನೂ ತನಗೆ ಸೇವೆ ಮಾಡಿಕೊಂಡು ಪರರಿಂದಲೂ ಸೇವೆ ಪಡೆಯಬಹುದಾದ ಮರಣವೇ ಅದು. ಪರರ ಸೇವೆಯನ್ನು ಬೇಡವೆನ್ನುವುದು ಈ ಕಾಲದಲ್ಲಿ ಧೈರ್ಯದ ಲಕ್ಷಣವೆನಿಸಿದರೂ ಶಾಸ್ತ್ರದ ಲಕ್ಷಣವಲ್ಲ. “ಯಾರಿಗೂ ಭಾರವಾಗದೆ ಹೋಗಬೇಕು” ಎಂದು ಹಂಬಲಿಸುವ ಹಿರಿಯರು ಇದನ್ನು ತಿಳಿದಿದ್ದರೆ ಅವರ ಮನಸ್ಸಿಗೂ ಸಮಾಧಾನವಾದೀತು.

ಇನ್ನೊಂದು ಅಪಾಯವನ್ನು ಬಿಚ್ಚಿ ಹೇಳಬೇಕಾಗಿದೆ. ಕೊನೆಯ ದಿನಗಳಲ್ಲಿ ರೋಗದಿಂದಲೇ ಹಸಿವು ಹೋಗುತ್ತದೆ. ಆಗ ಕೆಲವರು ಮುದುಕರು ಸಲ್ಲೇಖನೆ ತೆಗೆದುಕೊಂಡಿದ್ದಾರೆಂದು ಸಾರಿ ಜನರನ್ನು ಕರೆಯುತ್ತಾರೆ. ಸಲ್ಲೇಖನೆಯು ಎಚ್ಚರವಿರುವ ಜೀವನು, ಸ್ನೇಹ ವೈರ ಪರಿಗ್ರಹಗಳನ್ನು ಬಿಟ್ಟು, ಬಂಧುಗಳಲ್ಲಿ ಕ್ಷಮೆ ಬೇಡಿ ತಾನೂ ಕ್ಷಮಿಸಿ, ಗುರುಸಾಕ್ಷಿಯಾಗಿ ಆಲೋಚನೆ ಮಾಡಿ, ಮೊದಲು ಅನ್ನ, ಆಮೇಲೆ ಹಾಲು ಮುಂತಾದ ಸ್ನಿಗ್ಧಪಾನ, ಆಮೇಲೆ ಬಿಸಿನೀರು ಮುಂತಾದ ಖರಪಾನ, ಹೀಗೆ ಕ್ರಮವಾಗಿ ಶಕ್ತ್ಯನುಸಾರ ಬಿಡುತ್ತ ಹೋಗುವ ವ್ರತ. ಮಾತೇ ಇಲ್ಲದ ರೋಗಿಗೆ ಮನೆಯವರು ಅನ್ನ ಕೊಡದಿರುವುದು ಆ ವ್ರತವಲ್ಲ. ಇದಕ್ಕೆ ವಿರುದ್ಧವಾಗಿ, ಬೇಡವೆಂದು ಬಾಯಿ ಮುಚ್ಚುವ ರೋಗಿಯ ಬಾಯಿಗೆ ಚಮಚ ತುರುಕುವುದೂ ಸೇವೆಯಲ್ಲ. ನುಂಗಲಾರದವರಿಗೆ ಒತ್ತಾಯದಿಂದ ಹಾಕಿದ ಗಂಜಿಯು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಕೇಳಿದರೆ ಕೊಡಬೇಕು, ಕೇಳದಿದ್ದರೆ ತುಟಿಯನ್ನೂ ಬಾಯಿಯನ್ನೂ ಸೋಸಿದ ನೀರಿನ ಬಟ್ಟೆಯಿಂದ ಒದ್ದೆಮಾಡುತ್ತಿರಬೇಕು.

ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಮೊದಲಿನ ಎರಡು ಜೀವಿತಾಶಂಸೆ ಮತ್ತು ಮರಣಾಶಂಸೆ. ಇವು ವ್ರತಿಯ ದೋಷಗಳೆಂಬುದು ನಿಜ. ಆದರೆ ಸುತ್ತಲಿನವರಲ್ಲಿಯೂ ಇವುಗಳ ನೆರಳು ಬೀಳುತ್ತದೆ. ಹೇಗಾದರೂ ಇನ್ನಷ್ಟು ದಿನ ಉಳಿಸಿರೆಂದು ದೂರದಿಂದ ದೂರವಾಣಿಯಲ್ಲಿ ಹಟ ಹಿಡಿಯುವ ಮಗನಲ್ಲಿ ಮೊದಲನೆಯದು ಕಾಣುತ್ತದೆ. ನಿದ್ದೆಗೆಟ್ಟ ಸೊಸೆಯ ಮನಸ್ಸಿನಲ್ಲಿ “ಇನ್ನೂ ಎಷ್ಟು ದಿನ” ಎಂಬ ಮಾತು ಹಾಯುವುದು ಎರಡನೆಯದು. ಹಾಯ್ದ ಮೇಲೆ ಆಕೆ ಅದಕ್ಕಾಗಿ ಅಳುವುದೂ ಉಂಟು. ಅವಳಿಗೆ ಉಪದೇಶ ಕೊಡುವ ಅಗತ್ಯವಿಲ್ಲ, ವಾರಕ್ಕೆ ಎರಡು ರಾತ್ರಿ ನಿದ್ದೆ ಕೊಟ್ಟರೆ ಆ ದೋಷ ತಾನಾಗಿ ಹೋಗುತ್ತದೆ. ವೈಯಾವೃತ್ಯವು ಗಂಡಸಿಗೆ ಪೂಜೆಯಲ್ಲಿ, ಹೆಂಗಸಿಗೆ ಕೆಲಸದಲ್ಲಿ ಎಂದು ಯಾವ ಆಚಾರ್ಯರೂ ಹಂಚಿಕೊಟ್ಟಿಲ್ಲ.

ವ್ರತಗಳ ವಿಚಾರವಾಗಿ ಒಂದೆರಡು ಮಾತು. ಆ ಹದಿನಾರು ಭಾವನೆಗಳಲ್ಲಿಯೇ ತ್ಯಾಗ ಮತ್ತು ತಪಗಳನ್ನು ಶಕ್ತಿಗೆ ತಕ್ಕಂತೆ ಎಂದು ಕಟ್ಟುಮಾಡಿದೆ. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ರೋಗಿಯು ವೈದ್ಯರಿಗೆ ತಿಳಿಸದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಇಳಿದು, ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ರಾತ್ರಿಭೋಜನ ತ್ಯಾಗವುಳ್ಳವರು ಔಷಧಿಗಳನ್ನು ಸೂರ್ಯಾಸ್ತದ ಒಳಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಅನೇಕ ಔಷಧಿಗಳಿಗೆ ಅದು ಸಾಧ್ಯ. ಆಗದವುಗಳ ವಿಷಯದಲ್ಲಿ ಗುರುಗಳಿಂದ ಅಪ್ಪಣೆಯನ್ನು ಆರೋಗ್ಯವಿರುವಾಗಲೇ ಪಡೆದಿಟ್ಟುಕೊಳ್ಳುವುದು ಯುಕ್ತ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ. 2014ರಲ್ಲಿ ಕಾಯಿದೆ ತಿದ್ದುಪಡಿಯಾದ ಮೇಲೆ ಅದನ್ನು ಒದಗಿಸುವ ನಿಯಮಗಳು ಸರಳವಾದವು. ನೋವಿನಿಂದ ಕೂಗುವ ಜೀವಕ್ಕೆ ಆರ್ತಧ್ಯಾನವಲ್ಲದೆ ಬೇರೆ ಧ್ಯಾನ ಎಲ್ಲಿಂದ ಬಂದೀತು? ಗುಣಪಡಿಸಲಾಗದ ರೋಗದಲ್ಲಿ ನೋವನ್ನು ಮಾತ್ರ ತಗ್ಗಿಸುವ ಈ ಉಪಶಾಮಕ ಚಿಕಿತ್ಸೆಯನ್ನು ಕೊಡುವ ವೈದ್ಯರು ದೊಡ್ಡ ಊರುಗಳಲ್ಲಿ ಇದ್ದಾರೆ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಯು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ.

ಕಾನೂನಿನ ಸಂಗತಿಯನ್ನೂ ಮನೆಯ ಯಜಮಾನರು ತಿಳಿದಿರಬೇಕು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮನಾಗಿ ಎಣಿಸಿ ಕೊಟ್ಟ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 31ರಂದು ತಡೆಯಾಜ್ಞೆ ನೀಡಿತು. ಇದು ವ್ರತದ ಮಾತು. ಚಿಕಿತ್ಸೆಯ ಮಾತು ಬೇರೆ. ಗುಣವಾಗುವ ಆಶೆ ಇಲ್ಲದಾಗ ಕೃತಕ ಯಂತ್ರಗಳು ತನಗೆ ಬೇಡವೆಂದು ಪ್ರಜ್ಞೆಯಿರುವಾಗಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿತು. 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದು ಮಾಡಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇಲ್ಲಿಯೂ ಸಾಕ್ಷಿಗಳು ಇಬ್ಬರು.

ಆ ಮನೆಯ ವೃತ್ತಾಂತ ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷಗಳ ಅನಂತರ ಗಂಡುಮಕ್ಕಳ ಕಾಕಾನಿಗೆ ಯಕೃತ್ತಿನ ಕ್ಯಾನ್ಸರ್ ಎಂದು ಗೊತ್ತಾಯಿತು. ವಯಸ್ಸು 79. ವೈದ್ಯರು ಕೈಚೆಲ್ಲಿದ ಮರುದಿನವೇ ಹಿರಿಯ ಸೊಸೆಯು ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, “ಈ ಸಲ ನಾ ಒಬ್ಬಾಕಿನ ಮಾಡಾಂಗಿಲ್ಲ. ಕಾಕಾಗ ಏನು ಬೇಕು ಅವರನ್ನ ಕೇಳ್ರಿ” ಎಂದಳು. ಕೇಳಿದರು. ಬಸದಿಯ ಗಂಟೆ ಕೇಳುವ ಹೊರಕೋಣೆಯಲ್ಲಿ ಹಾಸಿಗೆ ಹಾಕಿದರು. ಬೆಂಗಳೂರಿನ ಮಗನು ತಿಂಗಳಿಗೆ ಹತ್ತು ದಿನ ಬಂದು ರಾತ್ರಿಯ ಪಾಳಿ ಹಿಡಿದನು. ಹಾಸಿಗೆ ಬಟ್ಟೆ ಬದಲಿಸುವುದನ್ನು ಐವತ್ತನೆಯ ವಯಸ್ಸಿನಲ್ಲಿ ಕಲಿತನು. ಓಣಿಯ ಇಬ್ಬರು ಹುಡುಗರು ಸಂಜೆ ಸ್ತೋತ್ರ ಓದಿದರು. ಬಾಗಿಲು ಕಾಯುವ ಕೆಲಸ ಸಾಂಗಲಿಯಿಂದ ಬಂದ ಮಗಳದು. ನೋಡಲು ಬಂದು ಅಳುವವರನ್ನೂ ಹೊಸ ಹೊಸ ಔಷಧಿ ಹೇಳುವವರನ್ನೂ ಆಕೆ ಕಟ್ಟೆಯ ಮೇಲೆಯೇ ಕೂಡಿಸಿ ಚಹ ಕೊಟ್ಟು ಕಳುಹಿಸುತ್ತಿದ್ದಳು. ಮುದುಕರು ಮುನಿಗಳ ಅಪ್ಪಣೆ ಪಡೆದು ಒಂದೊಂದೇ ಪದಾರ್ಥವನ್ನು ಬಿಡುತ್ತ ಬಂದರು. ಅದಕ್ಕೆ ದೊಡ್ಡ ಹೆಸರನ್ನು ಯಾರೂ ಇಡಲಿಲ್ಲ, ಕರಪತ್ರ ಹಾಕಿಸಲಿಲ್ಲ.

ಹಾಸಿಗೆಯ ಬಳಿಯ ಮೊಳೆಗೆ ಒಂದು ಶಾಲೆಯ ನೋಟುಪುಸ್ತಕವನ್ನು ತೂಗುಹಾಕಿದ್ದರು. ಎರಡು ಗಂಟೆಗೊಮ್ಮೆ ಯಾವ ಮಗ್ಗುಲಿಗೆ ಹೊರಳಿಸಿದ್ದು, ಮಾತ್ರೆ ಕೊಟ್ಟ ಹೊತ್ತು, ಮೂತ್ರ ಹೋದ ಹೊತ್ತು, ಯಾರು ಇದ್ದರು ಎಂಬುದನ್ನು ಅದರಲ್ಲಿ ಬರೆಯುತ್ತಿದ್ದರು. ಆರು ವಾರಗಳಲ್ಲಿ ಪುಸ್ತಕ ಮುಕ್ಕಾಲು ತುಂಬಿತು. ಕೊನೆಯ ಪುಟದಲ್ಲಿ ಹಿರಿಯ ಸೊಸೆಯ ಅಕ್ಷರದಲ್ಲಿ ಹೀಗಿದೆ: “ರಾತ್ರಿ 2-10. ತುಟಿ ಒರೆಸಿದೆವು. ಣಮೋಕಾರ ಹೇಳುತ್ತಿದ್ದೇವೆ, ಕಣ್ಣು ತೆರೆದು ನೋಡಿದರು. ಇಬ್ಬರೂ ಇದ್ದೇವೆ.”